ಎಂಟನೇ ತರಗತಿಯ ಹೊಸಬರು

ನಮ್ಮ ಶಾಲೆಗಳಲ್ಲಿ ವರ್ಷಕ್ಕೊಮ್ಮೆ ತಪ್ಪದೇ ನಡೆಯುವ, ಆದರೆ ಯಾವ ವಾರ್ಷಿಕ ವರದಿಯಲ್ಲಿಯೂ ದಾಖಲಾಗದ ಸಂಗತಿಯೊಂದರ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಪ್ರೌಢಶಾಲೆಯ ಎಂಟನೇ ತರಗತಿಗೆ ಹೊಸ ಮಕ್ಕಳು ಬಂದು ಸೇರುವ ಸಂಗತಿ ಅದು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಏಳೆಂಟು ಮಂದಿ ಈಗ ತಾವೇ ಉಪಾಧ್ಯಾಯರಾಗಿದ್ದಾರೆ. "ಸಾರ್, ಹೊಸದಾಗಿ ಸೇರಿದ ಮಕ್ಕಳು ಮೊದಲ ತಿಂಗಳಲ್ಲೇ ಬರೋದು ನಿಲ್ಲಿಸಿಬಿಡ್ತಾರೆ, ಏನು ಮಾಡೋದು?" ಎಂದು ಅವರಲ್ಲಿ ಒಬ್ಬಿಬ್ಬರು ಕೇಳಿದ್ದುಂಟು. ಎರಡು ಮಾತಿನಲ್ಲಿ ಹೇಳಿ ಮುಗಿಸುವ ಉತ್ತರ ಅದಲ್ಲವಾದ್ದರಿಂದ ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ. ಬಂಧುಗಳು ಬೇಸರಿಸಬಾರದು, ಈ ಸಲ ಊರ ಜಾತ್ರೆಯ ಕಥೆಯಿಲ್ಲ.

1984ರಿಂದ 2018ರವರೆಗೆ ನಾನು ಕನ್ನಡ ಮತ್ತು ಸಮಾಜ ವಿಜ್ಞಾನಗಳನ್ನು ಬೋಧಿಸಿದ್ದು ಬಹುಪಾಲು ತುಮಕೂರು ಜಿಲ್ಲೆಯ ಹೋಬಳಿ ಕೇಂದ್ರಗಳ ಪ್ರೌಢಶಾಲೆಗಳಲ್ಲಿ. ನಮ್ಮ ರಾಜ್ಯದಲ್ಲಿ ಒಂದರಿಂದ ಏಳರವರೆಗೆ ಪ್ರಾಥಮಿಕ, ಎಂಟರಿಂದ ಹತ್ತರವರೆಗೆ ಪ್ರೌಢಶಾಲೆ ಎಂಬ ವ್ಯವಸ್ಥೆ ಮೊದಲಿನಿಂದ ಬಂದದ್ದು. (ಈಗ ಕೆಲವು ಹಿರಿಯ ಪ್ರಾಥಮಿಕ ಶಾಲೆಗಳಲ್ಲಿಯೇ ಎಂಟನೆಯ ತರಗತಿಯೂ ಇದೆ, ಅಲ್ಲಿನ ಮಕ್ಕಳು ಒಂದು ವರ್ಷ ತಡವಾಗಿ ಹೊಸಬರಾಗುತ್ತಾರೆ, ಅಷ್ಟೇ ವ್ಯತ್ಯಾಸ.) ಹೀಗಾಗಿ ಪ್ರತಿ ಜೂನ್ ತಿಂಗಳಲ್ಲಿ ಸುತ್ತಲ ಹತ್ತು ಹನ್ನೆರಡು ಹಳ್ಳಿಗಳಿಂದ ಅರವತ್ತು ಎಪ್ಪತ್ತು ಮಕ್ಕಳು ಒಂದೇ ಕೊಠಡಿಗೆ ಬಂದು ಸೇರುತ್ತಾರೆ. ಮೇಲುನೋಟಕ್ಕೆ ಎಲ್ಲರೂ ಹೊಸಬರೇ. ಆದರೆ ನಿಜವಾಗಿ ಹಾಗಲ್ಲ. ಹೋಬಳಿ ಕೇಂದ್ರದಲ್ಲಿಯೇ ಓದಿದ ಇಪ್ಪತ್ತು ಮಕ್ಕಳಿಗೆ ಆ ಕಾಂಪೌಂಡು, ಆ ಮೈದಾನ, ಅಟೆಂಡರನ ಹೆಸರು, ಅವನ ಮುಂಗೋಪ ಎಲ್ಲವೂ ಗೊತ್ತಿರುತ್ತದೆ. ಅವರು ಮೊದಲ ದಿನವೇ ಕಿಟಕಿಯ ಪಕ್ಕದ ಬೆಂಚುಗಳನ್ನು ಹಿಡಿದಿರುತ್ತಾರೆ. ಮೂವರು ನಾಲ್ವರಾಗಿ ಬಂದ ಹಳ್ಳಿಯ ಮಕ್ಕಳು ನಡುವಿನ ಸಾಲಿನಲ್ಲಿ ಒತ್ತಾಗಿ ಕುಳಿತುಕೊಳ್ಳುತ್ತಾರೆ. ತಮ್ಮ ಊರಿನಿಂದ ಒಬ್ಬರೇ ಬಂದವರು ಬಾಗಿಲ ಬಳಿ. ಅಲ್ಲಿಂದ ಹೊರಗೆ ಹೋಗುವುದು ಸುಲಭ.

ಹೊಸ ಮಗುವಿಗೆ ಹೆದರಿಕೆ ಬೀಜಗಣಿತದ್ದು ಎಂದು ನಾವು ಉಪಾಧ್ಯಾಯರು ತಿಳಿದಿರುತ್ತೇವೆ. ಅದಕ್ಕಾಗಿಯೇ ವರ್ಷದ ಆರಂಭದಲ್ಲಿ ಸೇತುಬಂಧ ಎಂಬ ಕಾರ್ಯಕ್ರಮವಿದೆ; ಹಿಂದಿನ ತರಗತಿಯಲ್ಲಿ ಕಲಿಯದೇ ಉಳಿದುದನ್ನು ಕಲಿಸಿ ಮುಂದಕ್ಕೆ ದಾಟಿಸುವುದು ಅದರ ಉದ್ದೇಶ. ಒಳ್ಳೆಯದೇ. ಆದರೆ ನಾನು ಕಂಡಂತೆ ಮಕ್ಕಳನ್ನು ಮೊದಲ ವಾರ ಕಾಡುವ ಪ್ರಶ್ನೆಗಳೇ ಬೇರೆ. ಕುಡಿಯುವ ನೀರಿನ ನಲ್ಲಿ ಯಾವುದು? ಎರಡು ಬಾಗಿಲುಗಳಲ್ಲಿ ಹೆಣ್ಣುಮಕ್ಕಳ ಶೌಚಾಲಯ ಯಾವುದು, ಅದರ ಬೀಗದ ಕೈ ಯಾರ ಹತ್ತಿರ ಇರುತ್ತದೆ? ಗಂಟೆ ಎರಡು ಸಲ ಹೊಡೆದರೆ ಏನರ್ಥ? ಚಪ್ಪಲಿಯನ್ನು ಒಳಗೆ ಬಿಡಬೇಕೋ ಹೊರಗೋ? ತರಗತಿಗೆ ತಡವಾಗಿ ಬಂದಾಗ ಇಂಗ್ಲಿಷಿನಲ್ಲಿಯೇ ಅಪ್ಪಣೆ ಕೇಳಬೇಕೋ? ಪ್ರಾಥಮಿಕ ಶಾಲೆಯಲ್ಲಿ ಒಬ್ಬರೋ ಇಬ್ಬರೋ ಮೇಷ್ಟ್ರು ಇಡೀ ದಿನ ಇರುತ್ತಿದ್ದರು; ಆ ಮಗುವಿನ ಅಪ್ಪ ಯಾರು, ಅಜ್ಜಿಗೆ ಹುಷಾರಿಲ್ಲವೇ ಎಂಬುದೆಲ್ಲ ಅವರಿಗೆ ತಿಳಿದಿತ್ತು. ಇಲ್ಲಿ ಮುಕ್ಕಾಲು ಗಂಟೆಗೊಮ್ಮೆ ಬೇರೊಂದು ಮುಖ ಬಂದು, ಹೆಸರು ಕೇಳದೆ ಪಾಠ ಮಾಡಿ ಹೋಗುತ್ತದೆ. ಹೆಣ್ಣುಮಗುವೊಂದು ಶೌಚಾಲಯದ ಬೀಗದ ಕೈ ಕೇಳಲು ನಾಚಿಕೊಂಡು, ಬೆಳಗಿನಿಂದ ಸಂಜೆಯವರೆಗೆ ನೀರನ್ನೇ ಕುಡಿಯದೆ ಇದ್ದುದನ್ನು ನಾನು ಒಂದಲ್ಲ ಹಲವು ಸಲ ಕಂಡಿದ್ದೇನೆ. ಅಂಥ ಮಗು ಹತ್ತನೆಯ ದಿನಕ್ಕೆ "ಹೊಟ್ಟೆನೋವು" ಎಂದು ಮನೆಯಲ್ಲಿ ಉಳಿದರೆ, ಅದನ್ನು ಓದಿನಲ್ಲಿ ಆಸಕ್ತಿಯಿಲ್ಲವೆಂದು ಬರೆದುಕೊಳ್ಳುವುದು ನ್ಯಾಯವೇ?

ಈಗ ಎಲ್ಲೆಲ್ಲೂ ಸ್ವಾಗತ ಸಮಾರಂಭಗಳ ಭರಾಟೆ. ಮಾವಿನ ತೋರಣ, ಗುಲಾಬಿ ಹೂವು, ಸಿಹಿ ಹಂಚಿಕೆ. ನನಗೇನೂ ಅದರ ಮೇಲೆ ದ್ವೇಷವಿಲ್ಲ, ಸಿಹಿಯಂತೂ ಮಕ್ಕಳಿಗೆ ಇಷ್ಟ. ಆದರೆ ಒಂದು ಕಡೆ ಮುಖ್ಯ ಅತಿಥಿಗಳು ಎರಡು ಗಂಟೆ ತಡವಾಗಿ ಬಂದರು. ಯಾರನ್ನು ಸ್ವಾಗತಿಸಬೇಕಾಗಿತ್ತೋ ಆ ಮಕ್ಕಳು ಅಲ್ಲಿಯವರೆಗೆ ಬಿಸಿಲಿನಲ್ಲಿ ಸಾಲಾಗಿ ಕುಳಿತಿದ್ದರು. ಬಂದವರು ಶಿಸ್ತಿನ ಮಹತ್ವವನ್ನು ಕುರಿತು ಮುಕ್ಕಾಲು ಗಂಟೆ ಮಾತನಾಡಿ ಹೋದರು. ಅಂದು ಹೊಸ ಮಕ್ಕಳಿಗೆ ಆ ಶಾಲೆಯಲ್ಲಿ ದೊರೆತ ಮೊದಲ ಪಾಠವೆಂದರೆ, ಇಲ್ಲಿ ಕಾಯುವವರು ಯಾರು, ಕಾಯಿಸುವವರು ಯಾರು ಎಂಬುದು. ಆ ದಿನ ಅವರ ಜೊತೆ ಯಾರೊಬ್ಬರೂ ಹತ್ತು ಹೆಜ್ಜೆ ನಡೆದು ನೀರಿನ ನಲ್ಲಿಯನ್ನು ತೋರಿಸಲಿಲ್ಲ.

ನಾನಿದ್ದ ಶಾಲೆಯೊಂದರಲ್ಲಿ ಸುಮಾರು ಹದಿನೈದು ವರ್ಷ ನಡೆಸಿಕೊಂಡು ಬಂದ ಕ್ರಮವೆಂದರೆ 'ಜೊತೆಗಾರ'ರದ್ದು. ಪ್ರತಿ ಹೊಸ ಮಗುವಿಗೆ ಅದೇ ಊರಿನ, ಇಲ್ಲವೇ ಅದೇ ದಾರಿಯಲ್ಲಿ ಬರುವ ಒಂಬತ್ತನೇ ತರಗತಿಯ ಒಬ್ಬರನ್ನು ಗೊತ್ತುಮಾಡುತ್ತಿದ್ದೆವು. ಕೆಲಸ ಎರಡೇ ವಾರದ್ದು: ಬೆಳಗ್ಗೆ ಜೊತೆಯಲ್ಲಿ ಬರುವುದು, ಮಧ್ಯಾಹ್ನ ಊಟಕ್ಕೆ ಕರೆದುಕೊಂಡು ಹೋಗುವುದು, ಸಂಜೆ ಜೊತೆಯಲ್ಲಿ ಹೋಗುವುದು. ಜೊತೆಗಾರರನ್ನು ಆರಿಸುವಾಗ ಮೊದಲ ರ‍್ಯಾಂಕಿನವರನ್ನು ಹಾಕಬೇಕೆಂದು ಸಹೋದ್ಯೋಗಿಗಳ ಸಲಹೆ. ನನ್ನ ಆಯ್ಕೆ ಬೇರೆ. ಹಿಂದಿನ ವರ್ಷ ಯಾರಿಗೆ ಈ ಶಾಲೆಗೆ ಹೊಂದಿಕೊಳ್ಳಲು ಕಷ್ಟವಾಗಿತ್ತೋ ಅವರನ್ನೇ ಹುಡುಕಿ ಹಾಕುತ್ತಿದ್ದೆ. ಎಲ್ಲಿ ಮುಳ್ಳಿದೆಯೆಂಬುದು ತುಳಿದವರಿಗೆ ನೆನಪಿರುತ್ತದೆ. ಸುಲಭವಾಗಿ ಹೊಂದಿಕೊಂಡವರಿಗೆ ಹೊಂದಿಕೊಳ್ಳುವುದೆಂಬ ಕೆಲಸವೊಂದಿದೆ ಎಂಬುದೇ ತಿಳಿದಿರುವುದಿಲ್ಲ.

2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರದ ಸೈಕಲ್ಲುಗಳು ಬರತೊಡಗಿದ ಮೇಲೆ ಈ ಕ್ರಮ ತಾನಾಗಿಯೇ ಗಟ್ಟಿಯಾಯಿತು. ಮೂರು ನಾಲ್ಕು ಕಿಲೋಮೀಟರು ದೂರದ ಹಳ್ಳಿಗಳ ಹುಡುಗಿಯರು ಒಂದು ಗುಂಪಾಗಿ ಬರುವುದು ಸಾಧ್ಯವಾಯಿತು. ಹಿಂದೆ ಮಗಳನ್ನು ಒಬ್ಬಳೇ ಕಳಿಸಲು ಒಪ್ಪದಿದ್ದ ತಾಯಂದಿರು, "ಆರು ಜನ ಹೋಗ್ತಾವಲ್ಲ, ನಮ್ಮದೂ ಹೋಗಲಿ" ಎಂದರು. ಊಟದ ವಿಷಯವೂ ಹಾಗೆಯೇ. ಪ್ರಾಥಮಿಕ ಶಾಲೆಗಳಲ್ಲಿದ್ದ ಬಿಸಿಯೂಟ ಪ್ರೌಢಶಾಲೆಗಳಿಗೆ ಬರುವ ಮುನ್ನ, ಡಬ್ಬಿ ತಂದವರು ಮರದ ನೆರಳಿನಲ್ಲಿ ಗುಂಪುಗುಂಪಾಗಿ ಕುಳಿತರೆ, ತರದವರು "ಹಸಿವಿಲ್ಲ" ಎನ್ನುತ್ತಾ ಬಸ್ ನಿಲ್ದಾಣದ ಕಡೆ ಸುತ್ತಾಡಿ ಬರುತ್ತಿದ್ದರು. ಹೊಸಬರಲ್ಲಿ ಹಸಿವಿಲ್ಲದವರ ಸಂಖ್ಯೆ ಯಾವಾಗಲೂ ಜಾಸ್ತಿ. ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಲ್ಲುವಂತಾದುದು ಹೊಟ್ಟೆಗೆ ಮಾತ್ರವಲ್ಲ, ಮಕ್ಕಳ ಬೆರೆಯುವಿಕೆಗೂ ಬಹಳ ಉಪಕಾರ ಮಾಡಿತು.

ಇನ್ನೊಂದು ಸೂಕ್ಷ್ಮವಿದೆ. ಮನೆಗೆ ಬಂದ ನೆಂಟರಿಗೆ ನಾವು ಮಣೆ ಹಾಕಿ ಕೂರಿಸುತ್ತೇವೆ. ಮನೆಯವರಿಗೆ ಕೆಲಸ ಹೇಳುತ್ತೇವೆ. ಹೊಸ ಮಗುವನ್ನು ಬಹಳ ದಿನ ನೆಂಟರ ಹಾಗೆ ನೋಡಿಕೊಂಡರೆ ಅದು ನೆಂಟನಾಗಿಯೇ ಉಳಿಯುತ್ತದೆ. ಆದುದರಿಂದ ಮೊದಲ ವಾರದಲ್ಲಿಯೇ ಅವರಿಗೊಂದು ಕೆಲಸ ಕೊಡುವುದು ನನ್ನ ಪದ್ಧತಿಯಾಗಿತ್ತು. ನಕಾಶೆಗಳನ್ನು ಕೊಠಡಿಗೆ ತಂದು ನೇತುಹಾಕುವುದು, ಗಂಟೆ ಹೊಡೆಯುವುದು, ಗ್ರಂಥಾಲಯದ ಬೀರುವಿನ ಪುಸ್ತಕಗಳ ಲೆಕ್ಕ ಬರೆಯುವುದು, ತೆಂಗಿನ ಸಸಿಗಳಿಗೆ ನೀರು. ನಕಾಶೆ ತರಲು ಸಿಬ್ಬಂದಿ ಕೊಠಡಿಗೆ ನಾಲ್ಕು ಸಲ ಹೋಗಿಬಂದ ಹುಡುಗನಿಗೆ ಐದನೆಯ ಸಲ ಆ ಬಾಗಿಲಲ್ಲಿ ಕಾಲು ನಡುಗುವುದಿಲ್ಲ. ಹಳಬರಲ್ಲಿ ಒಬ್ಬ "ಭಾರತದ ನಕ್ಷೆ ಎಲ್ಲಿದೆಯೋ?" ಎಂದು ಅವನನ್ನು ಕೇಳಬೇಕಾಗಿ ಬಂದರಂತೂ ಇನ್ನೂ ಒಳ್ಳೆಯದು.

ಹಳಬರ ಕುರಿತೂ ಹೇಳಬೇಕು. ಅವರು ಕೆಟ್ಟವರಲ್ಲ. ಅವರಿಗೆ ತಮ್ಮದೇ ಆದ ಅಡ್ಡಹೆಸರುಗಳು, ತಮ್ಮದೇ ಆದ ನಗೆಯ ಮಾತುಗಳು ಇರುತ್ತವೆ. ಪಾಠದ ನಡುವೆ ಯಾರೋ ಒಬ್ಬ 'ಕುಂಬಳಕಾಯಿ' ಎಂದರೆ ಇಪ್ಪತ್ತು ಜನ ನಗುತ್ತಾರೆ, ನಲವತ್ತು ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ಅರ್ಥವಾಗದ ನಗೆಯನ್ನು ಕೇಳಿದವರಿಗೆ ಅದು ತಮ್ಮ ಮೇಲಿನದೇ ಎಂದು ತೋರುವುದು ಸಹಜ. ನಾನು ಅಂಥ ವೇಳೆಯಲ್ಲಿ ಗದರಿಸುತ್ತಿರಲಿಲ್ಲ. ಕುಂಬಳಕಾಯಿಯ ಕಥೆಯನ್ನು ಎಲ್ಲರಿಗೂ ಕೇಳುವಂತೆ ಎದ್ದುನಿಂತು ಹೇಳಲು ಹೇಳುತ್ತಿದ್ದೆ. ಅರ್ಧ ನಿಮಿಷದ ಕಥೆ. ಆ ಬಳಿಕ ಅರವತ್ತು ಜನರೂ ನಗಬಹುದಾಗಿತ್ತು.

1997ರಲ್ಲಿ ಎಂದು ನೆನಪು, ಆಗಿನ ಬಿಜಾಪುರ ಜಿಲ್ಲೆಯಿಂದ, ಅಂದರೆ ಈಗಿನ ವಿಜಯಪುರದಿಂದ, ರಸ್ತೆ ಕೆಲಸಕ್ಕೆ ಬಂದಿದ್ದ ಕುಟುಂಬವೊಂದರ ಹುಡುಗ ಆಗಸ್ಟ್ ತಿಂಗಳಲ್ಲಿ ಎಂಟನೇ ತರಗತಿಗೆ ಸೇರಿದ. ಜೂನ್‌ನಲ್ಲಿ ಬಂದವರು ಒಟ್ಟಾಗಿ ಹೊಸಬರು. ಆಗಸ್ಟ್‌ನಲ್ಲಿ ಬಂದವನು ಒಬ್ಬನೇ ಹೊಸಬ. ಮೊದಲ ದಿನ ಬಾಗಿಲಲ್ಲಿ ನಿಂತು, "ಎಲ್ಲಿ ಕುಂಡರ್ಲಿರಿ ಸರ?" ಎಂದು ವಿನಯದಿಂದ ಕೇಳಿದ. ಇಡೀ ತರಗತಿ ಗೊಳ್ಳೆಂದಿತು. ಅವನು ಬಳಸಿದ್ದು ನಮ್ಮ ಮಕ್ಕಳು ಎಂದೂ ಬಳಸದಷ್ಟು ಗೌರವದ ಮಾತು. ನಾಲ್ಕು ದಿನ ಬಂದ. ಐದನೆಯ ದಿನ ಬರಲಿಲ್ಲ. ಶನಿವಾರ ಶಾಲೆ ಬಿಟ್ಟ ಮೇಲೆ ರಸ್ತೆಯ ಪಕ್ಕದ ಅವರ ಗುಡಿಸಲಿಗೆ ಹೋದೆ. ಹುಡುಗ ಜಲ್ಲಿಯ ಬುಟ್ಟಿ ಹೊರುತ್ತಿದ್ದ. ತಂದೆ ತಲೆಯ ವಸ್ತ್ರ ತೆಗೆದು ನಿಂತು, "ನಗತಾರಂತ್ರಿ. ನಕ್ಕರ ಏನಾತೋ ಅಂದ್ರ ಕೇಳವಲ್ಲ. ಹೆಂಗೂ ಇಲ್ಲೇ ಕೂಲಿಗೆ ತಗೋತಾರ" ಎಂದರು. ಗುತ್ತಿಗೆದಾರರ ಕಡೆಯವರಿಗೆ ಅರ್ಧ ಕೂಲಿಯ ಕೈ ಸಿಕ್ಕಿತ್ತು. ಇನ್ನೊಂದು ವಾರ ಬಿಟ್ಟಿದ್ದರೆ ಅವನ ಶಾಲೆ ಅಲ್ಲಿಗೆ ಮುಗಿಯುತ್ತಿತ್ತು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ತಂದೆಯ ಹತ್ತಿರ ಬಹಳ ಮಾತನಾಡಲಿಲ್ಲ. ಸೋಮವಾರ ಮೊದಲ ಪೀರಿಯಡ್ಡು ನನ್ನದೇ, ಅದೊಂದಕ್ಕೆ ಮಾತ್ರ ಕಳಿಸಿ ನೋಡಿ ಎಂದು ಕೇಳಿಕೊಂಡು ಬಂದೆ.

ಸೋಮವಾರ ಕಪ್ಪುಹಲಗೆಯ ಮೇಲೆ ಎರಡು ಸಾಲು ಬರೆದೆ. ಒಂದು ಕಡೆ ನಮ್ಮ ಸೀಮೆಯ ಮಾತು, ಇನ್ನೊಂದು ಕಡೆ ಖಾಲಿ. ಕಡಲೇಕಾಯಿಗೆ ನಿಮ್ಮಲ್ಲಿ ಏನನ್ನುತ್ತೀರಿ? ಶೇಂಗಾ. ಮೊಟ್ಟೆಗೆ? ತತ್ತಿ. ಪೊರಕೆಗೆ? ಕಸಬರಿಗೆ. ಹುಡುಗ ಮೊದಲು ಪಿಸುಮಾತಿನಲ್ಲಿ ಹೇಳುತ್ತಿದ್ದವನು ಬರಬರುತ್ತ ದನಿ ಎತ್ತಿದ. ಈರುಳ್ಳಿಗೆ ಉಳ್ಳಾಗಡ್ಡಿ, ಬೆಳ್ಳುಳ್ಳಿಗೆ ಬಳ್ಳೊಳ್ಳಿ ಎಂದಾಗ ನಗು ಮತ್ತೆ ಬಂತು. ಆಗ ಮಕ್ಕಳನ್ನೇ ಕೇಳಿದೆ: ಈರುಳ್ಳಿಯಲ್ಲಿ, ಬೆಳ್ಳುಳ್ಳಿಯಲ್ಲಿ, ಉಳ್ಳಾಗಡ್ಡಿಯಲ್ಲಿ ಸಮಾನವಾಗಿರುವುದು ಏನು? ಹಿಂದಿನ ಬೆಂಚಿನ ಹುಡುಗಿಯೊಬ್ಬಳು "ಉಳ್ಳಿ ಸಾರ್" ಎಂದಳು. ಹೌದು, ಉಳ್ಳಿ. ಬಿಳಿಯ ಉಳ್ಳಿ ಬೆಳ್ಳುಳ್ಳಿ; ಉಳ್ಳಿಯ ಗಡ್ಡೆ ಉಳ್ಳಾಗಡ್ಡಿ. ಈರುಳ್ಳಿ ಎನ್ನುವವರಿಗೂ ಉಳ್ಳಾಗಡ್ಡಿ ಎನ್ನುವವರಿಗೂ ಮೂಲಧನ ಒಂದೇ. ಅಂದು ಸಂಧಿ ಸಮಾಸಗಳ ಪಾಠವೂ ಆಯಿತು, 1956ರ ಏಕೀಕರಣದ ಪಾಠಕ್ಕೆ ಪೀಠಿಕೆಯೂ ಆಯಿತು. ವಿರಾಮದಲ್ಲಿ ನಾಲ್ಕೈದು ಹುಡುಗರು ಅವನನ್ನು ಸುತ್ತುವರಿದು, "ಬೆಕ್ಕಿಗೆ ಏನಂತೀರೋ? ಬಾಗಿಲಿಗೆ?" ಎಂದು ಪೀಡಿಸುತ್ತಿದ್ದರು. ಅದು ಬೇರೆ ಬಗೆಯ ಪೀಡನೆ. ಅವನು ಜನವರಿಯವರೆಗೆ ಬಂದ. ರಸ್ತೆ ಕೆಲಸ ಮುಗಿದು ಅವರ ತಂಡ ಬೇರೆ ಜಿಲ್ಲೆಗೆ ಹೊರಟಾಗ ತಂದೆಯೇ ಬಂದು ವರ್ಗಾವಣೆ ಪತ್ರ ಬರೆಸಿಕೊಂಡು ಹೋದರು. ಆ ಪತ್ರವನ್ನು ಮುಂದಿನ ಶಾಲೆಯವರು ನೋಡಿದರೋ ಇಲ್ಲವೋ, ನನಗೆ ತಿಳಿಯುವ ದಾರಿ ಇರಲಿಲ್ಲ.

ವರ್ಗಾವಣೆ ಪತ್ರದ ಮಾತು ಬಂದುದರಿಂದ ಇದನ್ನೂ ಸೇರಿಸುತ್ತೇನೆ. ಆ ಪತ್ರವಿಲ್ಲವೆಂದು ವಾರಗಟ್ಟಲೆ ಕಚೇರಿಯ ಜಗಲಿಯ ಮೇಲೆ ಕುಳಿತ ಮಕ್ಕಳನ್ನು ನನ್ನ ಸೇವೆಯ ಮೊದಲ ಇಪ್ಪತ್ತೈದು ವರ್ಷಗಳಲ್ಲಿ ಎಷ್ಟು ಕಂಡಿದ್ದೇನೋ ಲೆಕ್ಕವಿಲ್ಲ. ಶಿಕ್ಷಣ ಹಕ್ಕು ಕಾಯಿದೆ 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಎಂಟನೇ ತರಗತಿಯವರೆಗಿನ ಮಕ್ಕಳಿಗೆ ಅನ್ವಯಿಸುವ ಅದರ ಐದನೆಯ ಪ್ರಕರಣದ ಪ್ರಕಾರ, ವರ್ಗಾವಣೆ ಪತ್ರ ತಡವಾಯಿತೆಂಬುದು ಪ್ರವೇಶವನ್ನು ತಡೆಹಿಡಿಯಲು ಕಾರಣವಾಗುವಂತಿಲ್ಲ. ಉಪಾಧ್ಯಾಯರಾಗಿರುವ ನನ್ನ ಶಿಷ್ಯರು ಈ ಪ್ರಕರಣವನ್ನು ಓದಿಟ್ಟುಕೊಳ್ಳಬೇಕು. ಮಗು ಶಾಲೆಯಲ್ಲಿ ಮೊದಲು ನೋಡುವುದು ತರಗತಿಯನ್ನಲ್ಲ, ಕಚೇರಿಯನ್ನು.

ಬಿ.ಎಡ್. ಓದುವಾಗ ಪರೀಕ್ಷೆಗಾಗಿ ಕಲಿತು, ಆಮೇಲೆ ನಿಜವಾಗಿ ಕೆಲಸಕ್ಕೆ ಬಂದ ಪಾಠಗಳು ನನಗೆ ಹೆಚ್ಚಿಲ್ಲ. ಬಂದವುಗಳಲ್ಲಿ ಒಂದು ಸಮಾಜಮಿತಿ. ಜೇಕಬ್ ಮೊರೆನೊ ಎಂಬ ಮನೋವೈದ್ಯರು ಬುಖಾರೆಸ್ಟಿನಲ್ಲಿ ಹುಟ್ಟಿ, ವಿಯೆನ್ನಾದಲ್ಲಿ ಕಲಿತು, ಅಮೆರಿಕಕ್ಕೆ ಹೋಗಿ ನೆಲೆಸಿದವರು. ಗುಂಪಿನಲ್ಲಿ ಯಾರು ಯಾರನ್ನು ಬಯಸುತ್ತಾರೆಂಬುದನ್ನು ಕೇಳಿ ತಿಳಿದು ಚಿತ್ರವಾಗಿ ಬರೆಯುವ ವಿಧಾನವನ್ನು ಅವರು 1934ರಲ್ಲಿ ಪ್ರಕಟವಾದ ಗ್ರಂಥದಲ್ಲಿ ವಿವರಿಸಿದರು. ಮಾಡುವುದು ಸುಲಭ. ನೀನು ಯಾರ ಪಕ್ಕದಲ್ಲಿ ಕುಳಿತುಕೊಳ್ಳಲು ಇಷ್ಟಪಡುತ್ತೀಯೆ, ಎರಡು ಹೆಸರು ಚೀಟಿಯಲ್ಲಿ ಬರೆದುಕೊಡು ಎಂದರೆ ಸಾಕು. ಮನೆಗೆ ತಂದು ಒಂದು ದೊಡ್ಡ ಹಾಳೆಯಲ್ಲಿ ಹೆಸರುಗಳನ್ನೆಲ್ಲ ಬರೆದು ಬಾಣದ ಗುರುತು ಹಾಕುತ್ತಾ ಹೋದರೆ, ಕೆಲವು ಹೆಸರುಗಳ ಕಡೆಗೆ ಹತ್ತು ಹದಿನೈದು ಬಾಣಗಳು ಬಂದಿರುತ್ತವೆ. ಕೆಲವು ಹೆಸರುಗಳ ಕಡೆಗೆ ಒಂದೂ ಬಂದಿರುವುದಿಲ್ಲ. ನಾನು ಆಗಸ್ಟ್‌ನ ಮೊದಲ ಶನಿವಾರ ಇದನ್ನು ಮಾಡುತ್ತಿದ್ದೆ. ಒಂದು ವರ್ಷ ಅರವತ್ತೆರಡು ಮಕ್ಕಳಲ್ಲಿ ಒಂಬತ್ತು ಮಂದಿಯ ಕಡೆಗೆ ಯಾವ ಬಾಣವೂ ಇರಲಿಲ್ಲ. ಹಾಜರಿ ಪುಸ್ತಕ ತೆರೆದು ನೋಡಿದರೆ, ಆ ಒಂಬತ್ತರಲ್ಲಿ ಆರು ಮಂದಿ ಆಗಲೇ ವಾರಕ್ಕೆ ಒಂದೆರಡು ದಿನ ತಪ್ಪಿಸತೊಡಗಿದ್ದರು. ಆ ಹಾಳೆಯನ್ನು ಮಕ್ಕಳಿಗಾಗಲಿ, ಪೋಷಕರಿಗಾಗಲಿ ತೋರಿಸಬಾರದು. ಸಿಬ್ಬಂದಿ ಕೊಠಡಿಯಲ್ಲಿಯೂ ಇಡಬಾರದು. ಅದು ವೈದ್ಯರ ಕೈಯ ಪರೀಕ್ಷಾ ವರದಿಯಿದ್ದಂತೆ. ಬಾಣವಿಲ್ಲದ ಮಗು ಯಾರನ್ನು ಬಯಸಿತ್ತೋ ಅವರ ಪಕ್ಕದಲ್ಲಿ, ಏನೂ ಗೊತ್ತಿಲ್ಲದವರಂತೆ, ಅದಕ್ಕೊಂದು ಜಾಗ ಮಾಡಿಕೊಟ್ಟರೆ ಅರ್ಧ ಕೆಲಸವಾಯಿತು.

ಇನ್ನರ್ಧಕ್ಕೆ ನೆರವಾದದ್ದು ಎಲಿಯಟ್ ಆರನ್ಸನ್ ಎಂಬ ಮನಶ್ಶಾಸ್ತ್ರಜ್ಞರ ಪ್ರಯೋಗ. 1971ರಲ್ಲಿ ಅಮೆರಿಕದ ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ, ಅಲ್ಲಿಯವರೆಗೆ ಬೇರೆ ಬೇರೆ ಶಾಲೆಗಳಲ್ಲಿದ್ದ ಕರಿಯ, ಬಿಳಿಯ ಮತ್ತು ಮೆಕ್ಸಿಕನ್ ಮೂಲದ ಮಕ್ಕಳು ಒಂದೇ ತರಗತಿಯಲ್ಲಿ ಕೂಡಬೇಕಾಗಿ ಬಂದಾಗ ಜಗಳಗಳು ಹತ್ತಿಕೊಂಡವು. ಆರನ್ಸನ್ ಮತ್ತು ಅವರ ಶಿಷ್ಯರು ಮಕ್ಕಳನ್ನು ಐದಾರು ಜನರ ಮಿಶ್ರ ಗುಂಪುಗಳನ್ನಾಗಿ ಮಾಡಿ, ಪಾಠವನ್ನೂ ಅಷ್ಟೇ ತುಂಡುಗಳನ್ನಾಗಿ ಮಾಡಿ, ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಟ್ಟರು. ತನ್ನ ತುಂಡನ್ನು ಉಳಿದವರಿಗೆ ಕಲಿಸದಿದ್ದರೆ ಯಾರಿಗೂ ಇಡೀ ಪಾಠ ಬರುವುದಿಲ್ಲ. ತಡವರಿಸುವ ಹುಡುಗನನ್ನು ಗೇಲಿಮಾಡಿದರೆ ನಷ್ಟ ಗೇಲಿಮಾಡಿದವನಿಗೇ. ನಾನು ಇದನ್ನು ವಿಜಯನಗರದ ಪಾಠಕ್ಕೆ ಅಳವಡಿಸಿಕೊಂಡಿದ್ದೆ: ಒಬ್ಬನಿಗೆ ಅರಸರು, ಒಬ್ಬಳಿಗೆ ನೀರಾವರಿ, ಒಬ್ಬನಿಗೆ ವಿದೇಶಿ ಪ್ರವಾಸಿಗರು, ಹೀಗೆ. ಒಂದು ತೊಡಕೆಂದರೆ, ಒಂದು ಪೀರಿಯಡ್ಡಿನ ಪಾಠ ಮೂರು ಪೀರಿಯಡ್ಡು ನುಂಗುತ್ತದೆ. ಪಠ್ಯಕ್ರಮ ಯಾರಿಗೂ ಕಾಯುವುದಿಲ್ಲ. ವರ್ಷಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ನನ್ನಿಂದ ಆಗಲಿಲ್ಲ. ನಾಲ್ಕೇ ಆದರೂ ಜುಲೈ ತಿಂಗಳಿನಲ್ಲಿಯೇ ಎರಡು ಮುಗಿಸಿಬಿಡುತ್ತಿದ್ದೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಸರಾಗವಾಗಿ ಹೇಳಬಹುದಾದ ವಿಷಯ. ಹೇಳದೇ ಬಿಟ್ಟರೆ ಅಪ್ರಾಮಾಣಿಕವಾಗುವ ವಿಷಯ ಇನ್ನೊಂದಿದೆ. ನಮ್ಮ ಮಕ್ಕಳು ಬೆಂಚು ಹಿಡಿಯುವುದು ಊರಿನ ಪ್ರಕಾರ ಮಾತ್ರವಲ್ಲ, ಕೇರಿಯ ಪ್ರಕಾರವೂ ಹೌದು. ಇದನ್ನು ಯಾರೂ ಅವರಿಗೆ ಬಾಯಿಬಿಟ್ಟು ಹೇಳಿರುವುದಿಲ್ಲ. ಆದರೂ ಜೂನ್ ಎರಡನೆಯ ವಾರದ ಹೊತ್ತಿಗೆ ಊರಿನ ನಕಾಶೆಯೇ ತರಗತಿಯಲ್ಲಿ ಬಿದ್ದುಕೊಂಡಿರುತ್ತದೆ. ಬಸವಣ್ಣನವರ ವಚನಗಳನ್ನು ಒಂದಕ್ಷರ ತಪ್ಪದೆ ಕಂಠಪಾಠ ಒಪ್ಪಿಸಿ, ಪೂರ್ಣ ಅಂಕ ಪಡೆದು, ಹಿಂತಿರುಗಿ ಹೋಗಿ ತಮ್ಮ ಕೇರಿಯವರ ಬೆಂಚಿನಲ್ಲಿಯೇ ಕುಳಿತುಕೊಳ್ಳುವ ಮಕ್ಕಳನ್ನು ನೋಡಿ, ನಾನು ಕಲಿಸುತ್ತಿರುವುದಾದರೂ ಏನು ಎಂದು ಯೋಚಿಸಿದ್ದಿದೆ. ಇದಕ್ಕೆ ಭಾಷಣದಿಂದ ಪ್ರಯೋಜನವಿಲ್ಲ. ಯಾರನ್ನಾದರೂ ಹೆಸರಿಟ್ಟು ಎಬ್ಬಿಸಿ ಬೇರೆಯವರ ಪಕ್ಕದಲ್ಲಿ ಕೂರಿಸಿದರೆ ಆ ಮಗುವಿಗೇ ಅವಮಾನ. ನಾನು ಮಾಡಿದ್ದು ಇಷ್ಟೇ: ಪ್ರತಿ ಸೋಮವಾರ ಹಾಜರಿ ಸಂಖ್ಯೆಯ ಪ್ರಕಾರ ಎಲ್ಲರೂ ಸ್ಥಳ ಬದಲಿಸಬೇಕು. ಕಿಟಕಿಯವರು ಬಾಗಿಲಿಗೆ, ಬಾಗಿಲಿನವರು ನಡುವಿಗೆ. ನಿಯಮ ಎಲ್ಲರಿಗೂ ಒಂದೇ ಆದ್ದರಿಂದ ಯಾರನ್ನೂ ಬೊಟ್ಟುಮಾಡಿದಂತಾಗಲಿಲ್ಲ. ಊರಿನ ದೊಡ್ಡವರೊಬ್ಬರು ಬಂದು, "ಮೇಷ್ಟ್ರೇ, ನಮ್ಮ ಹುಡುಗನಿಗೆ ಬೋರ್ಡು ಸರಿಯಾಗಿ ಕಾಣ್ತಾ ಇಲ್ಲವಂತೆ, ಮೊದಲಿನ ಜಾಗಕ್ಕೇ ಹಾಕಿ" ಎಂದರು. ಕಣ್ಣಿನ ವೈದ್ಯರ ಚೀಟಿ ತಂದರೆ ಖಂಡಿತ ಹಾಕುತ್ತೇನೆ ಎಂದೆ. ಚೀಟಿ ಬರಲಿಲ್ಲ. ಹುಡುಗನಿಗೆ ಬೋರ್ಡು ಚೆನ್ನಾಗಿಯೇ ಕಾಣುತ್ತಿತ್ತು.

ಎಲ್ಲ ಮಕ್ಕಳನ್ನೂ ಎಳೆದು ಗುಂಪಿಗೆ ಸೇರಿಸಬೇಕೆಂದು ನಾನು ಹೇಳುತ್ತಿದ್ದೇನೆಂದು ಯಾರೂ ತಿಳಿಯಬಾರದು. ಬಾಣವಿಲ್ಲದ ಆ ಒಂಬತ್ತು ಮಂದಿಯಲ್ಲಿ ಒಬ್ಬ ಹುಡುಗನಿದ್ದ. ಊಟವನ್ನು ತಟ್ಟೆಯಲ್ಲಿ ಹಾಕಿಸಿಕೊಂಡು ಹೊಂಗೆಮರದ ಕೆಳಗೆ ಒಬ್ಬನೇ ಕುಳಿತುಕೊಳ್ಳುತ್ತಿದ್ದ. ಜೊತೆಗಾರ ಹೋಗಿ ಕರೆದ, ಬರಲಿಲ್ಲ. ಹುಡುಗಿಯರು ನಗಿಸಿ ನೋಡಿದರು. ನಾನೇ ಒಂದು ದಿನ ಪಕ್ಕದಲ್ಲಿ ಕುಳಿತು, "ಏನಪ್ಪಾ, ಯಾರಾದರೂ ಏನಾದರೂ ಅಂದರೇ?" ಎಂದು ವಿಚಾರಿಸಿದೆ. "ಇಲ್ಲ ಸಾರ್, ಇಲ್ಲಿ ಅಳಿಲು ಬರ್ತವೆ" ಎಂದ. ನೋಡಿದರೆ ನಿಜವಾಗಿಯೂ ಎರಡು ಅಳಿಲುಗಳು ಅನ್ನದ ಅಗುಳಿಗಾಗಿ ಬುಡದಲ್ಲಿ ಓಡಾಡುತ್ತಿದ್ದವು. ಅವನ ಹಾಜರಿ ನೋಡಿದೆ, ಒಂದು ದಿನವೂ ತಪ್ಪಿರಲಿಲ್ಲ. ಹಾಗೆಯೇ ಬಿಟ್ಟೆ. ಮೂರು ವರ್ಷವೂ ಅವನು ಅಲ್ಲಿಯೇ ಊಟ ಮಾಡಿದ. ಎರಡನೆಯ ವರ್ಷದಿಂದ ಯಾರಾದರೂ ಪಕ್ಕದಲ್ಲಿ ಹೋಗಿ ಕುಳಿತರೆ ಸ್ವಲ್ಪ ಸರಿದು ಜಾಗ ಬಿಡುತ್ತಿದ್ದ.